ನೆಲದಡಿಯ ಆಸ್ತಿ, ನೆಲದ ಮೇಲಿನ ಲೆಕ್ಕ
ಮ್ಯಾಮತ್ ಗುಹೆಯ ಸಂದರ್ಶನ ಮತ್ತು ವರ್ತಕರಿಗೆ ಅದರ ಪಾಠ

ವ್ಯಾಪಾರವೆಂದರೆ ಸರಕು ಕೈ ಬದಲಾಗುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಗಿರಾಕಿಯು ಹಣ ತೆತ್ತು, ಎರಡು ಗಂಟೆಗಳ ಕಾಲ ನಡೆದು, ಬರಿಗೈಯಲ್ಲಿ ಹಿಂದಿರುಗಿ, ಅಷ್ಟರಿಂದಲೇ ಸಂತುಷ್ಟನಾಗುವ ವ್ಯಾಪಾರವೂ ಒಂದುಂಟು. ಪ್ರವಾಸಿಗರಿಗೆ ತೋರಿಸಲೆಂದು ತೆರೆದಿಟ್ಟ ನೆಲದಡಿಯ ಗುಹೆಯ ವ್ಯಾಪಾರ ಅಂಥದು. ಇಲ್ಲಿ ಖರೀದಿ ಖಾತೆ ಇಲ್ಲ, ಉಗ್ರಾಣದಲ್ಲಿ ದಾಸ್ತಾನಿಲ್ಲ, ಸರಕನ್ನು ತಯಾರಿಸಿದವನು ಮನುಷ್ಯನೂ ಅಲ್ಲ. ಹೀಗಿರುವಾಗ ಬಾಗಿಲಲ್ಲಿ ಸಂಗ್ರಹವಾದ ಪ್ರವೇಶ ಶುಲ್ಕವು ನ್ಯಾಯವಾಗಿ ಯಾರಿಗೆ ಸೇರಬೇಕು? ಬಾಗಿಲಿರುವ ಜಮೀನಿನ ಒಡೆಯನಿಗೋ, ಕತ್ತಲೆಯಲ್ಲಿ ದಾರಿ ಕಂಡುಹಿಡಿದವನಿಗೋ, ಅಥವಾ ಯಾರ ಹೊಲದ ಕೆಳಗೆ ಆ ಗುಹೆ ಹಾದುಹೋಗಿದೆಯೋ ಅವನಿಗೋ?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಲೂಯಿವಿಲ್ ಮತ್ತು ನ್ಯಾಶ್‌ವಿಲ್ ನಗರಗಳ ನಡುವೆ ಇರುವ ಮ್ಯಾಮತ್ ಗುಹೆಯ ಸೀಮೆಯಲ್ಲಿ ಈ ಪ್ರಶ್ನೆಯು ನೂರು ವರ್ಷಗಳಿಗೂ ಹೆಚ್ಚು ಕಾಲ ಜನರನ್ನು ಕಾಡಿತು. ಅದರ ಸಲುವಾಗಿ ನೆರೆಹೊರೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಒಬ್ಬ ಯುವಕನ ಪ್ರಾಣವೂ ಹೋಯಿತು. ಇಂದು ಆ ಗುಹೆಯನ್ನು ನೋಡಲು ಹೋಗುವ ಸಂದರ್ಶಕನಿಗೆ ಮಾರ್ಗದರ್ಶಿಯು ತೋರಿಸುವ ಒಂದೊಂದು ಸ್ಥಳವೂ ಈ ಲೆಕ್ಕದ ಒಂದೊಂದು ಪುಟವಾಗಿದೆ.

ಒಳಹೋಗುವ ಮುನ್ನ

ಮ್ಯಾಮತ್ ಗುಹೆಯು ಜಗತ್ತಿನಲ್ಲಿ ಈವರೆಗೆ ತಿಳಿದಿರುವ ಗುಹೆಗಳಲ್ಲೆಲ್ಲ ಅತ್ಯಂತ ಉದ್ದವಾದುದು. 2022ರ ವೇಳೆಗೆ ಅದರ ಅಳತೆ ಮಾಡಿದ ಉದ್ದ 426 ಮೈಲಿ, ಅಂದರೆ ಸುಮಾರು 685 ಕಿ.ಮೀ. ಸುಣ್ಣಕಲ್ಲಿನ ಪದರಗಳನ್ನು ನೀರು ಕರಗಿಸಿ ಕೊರೆದ ಈ ದಾರಿಗಳ ಮೇಲೆ ಮರಳುಗಲ್ಲಿನ ಮುಚ್ಚಳವೊಂದು ಕುಳಿತಿದೆ. ಮಳೆಯ ನೀರು ನೇರವಾಗಿ ಇಳಿಯದಂತೆ ಅದು ತಡೆಯುವುದರಿಂದ ಮೇಲಂತಸ್ತಿನ ದಾರಿಗಳು ಬಹುಮಟ್ಟಿಗೆ ಒಣಗಿಯೇ ಉಳಿದಿವೆ. ಒಳಗಿನ ಉಷ್ಣಾಂಶ ವರ್ಷವಿಡೀ ಸುಮಾರು 12 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಬಾಗಿಲ ಬಳಿ ನಿಂತವರ ಮುಖಕ್ಕೆ ಒಳಗಿನಿಂದ ತಣ್ಣನೆಯ ಗಾಳಿ ಬೀಸುತ್ತದೆ.

ಇಂದು ಈ ಗುಹೆಯು ರಾಷ್ಟ್ರೀಯ ಉದ್ಯಾನ. ಟಿಕೆಟು ನಿಗದಿತ ವೇಳೆಗೆ, ನಿಗದಿತ ಮಾರ್ಗಕ್ಕೆ ಮಾತ್ರ ಸಲ್ಲುತ್ತದೆ. ‘ಐತಿಹಾಸಿಕ ಮಾರ್ಗ’ ಎಂದು ಕರೆಯಲಾಗುವ ಪ್ರಸಿದ್ಧ ಸಂದರ್ಶನವು ಸುಮಾರು ಎರಡು ಮೈಲಿ ದೂರದ್ದು. ಎರಡು ಗಂಟೆಯ ಅವಧಿಯದು. ಐನೂರಕ್ಕೂ ಮಿಕ್ಕಿದ ಮೆಟ್ಟಿಲುಗಳುಳ್ಳದ್ದು. ಸಮವಸ್ತ್ರದ ಮಾರ್ಗದರ್ಶಿಯು ಹೊರಡುವ ಮುನ್ನವೇ ನಿಯಮಗಳನ್ನು ತಿಳಿಸುತ್ತಾನೆ: ಗೋಡೆ ಮುಟ್ಟಬಾರದು, ತಿಂಡಿ ತಿನ್ನಬಾರದು, ಗುಂಪು ಬಿಡಬಾರದು. ಹೊರಬರುವಾಗ ಸಾಬೂನು ದ್ರಾವಣದಲ್ಲಿ ನೆನೆದ ಚಾಪೆಗಳ ಮೇಲೆ ಎಲ್ಲರೂ ಕಾಲಿಟ್ಟು ನಡೆಯಬೇಕು. ಬಾವಲಿಗಳಿಗೆ ಮಾರಕವಾದ ‘ಬಿಳಿಮೂಗು’ ಶಿಲೀಂಧ್ರ ರೋಗವು 2013ರಲ್ಲಿ ಇಲ್ಲಿ ಪತ್ತೆಯಾಗಿದ್ದು, ಪಾದರಕ್ಷೆಗಳ ಮೂಲಕ ಅದು ಬೇರೆಡೆಗೆ ಹರಡದಿರಲೆಂದು ಈ ವ್ಯವಸ್ಥೆ.

ಮೊದಲ ಪುಟ: ಪೆಟ್ಲುಪ್ಪು

ಮೆಟ್ಟಿಲಿಳಿದು ಸ್ವಲ್ಪ ದೂರ ನಡೆದೊಡನೆ ‘ರೊಟಂಡಾ’ ಎಂಬ ವಿಶಾಲ ಅಂಗಳ ಎದುರಾಗುತ್ತದೆ. ಅಲ್ಲಿ ಮರದ ದೊಡ್ಡ ತೊಟ್ಟಿಗಳೂ, ಮರದ ದಿಮ್ಮಿಗಳನ್ನು ಕೊರೆದು ಮಾಡಿದ ಕೊಳವೆಗಳೂ ಇನ್ನೂರು ವರ್ಷ ಕಳೆದರೂ ಕೆಡದೆ ಉಳಿದಿವೆ. 1812ರಲ್ಲಿ ಬ್ರಿಟನ್ನಿನೊಡನೆ ಅಮೆರಿಕದ ಯುದ್ಧ ಆರಂಭವಾದಾಗ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪಿಗೆ ಹೊರದೇಶದ ಸರಬರಾಜು ನಿಂತುಹೋಯಿತು, ಬೆಲೆ ಗಗನಕ್ಕೇರಿತು. ಗುಹೆಯ ಮಣ್ಣಿನಲ್ಲಿ ನೈಟ್ರೇಟ್ ಲವಣ ಹೇರಳವಾಗಿತ್ತು. ಆಗಿನ ಮಾಲೀಕರಾದ ಚಾರ್ಲ್ಸ್ ವಿಲ್ಕಿನ್ಸ್ ಮತ್ತು ಹೈಮನ್ ಗ್ರಾಟ್ಜ್ ಅವರು ಗುಲಾಮ ಕಾರ್ಮಿಕರಿಂದ ಮಣ್ಣು ಅಗೆಸಿ, ತೊಟ್ಟಿಗಳಲ್ಲಿ ತುಂಬಿಸಿ, ನೀರು ಹಾಯಿಸಿ ಲವಣವನ್ನು ಬಸಿದು ತೆಗೆಸಿದರು. 1815ರಲ್ಲಿ ಶಾಂತಿ ನೆಲೆಸಿತು, ಪೆಟ್ಲುಪ್ಪಿನ ಬೆಲೆ ಕುಸಿಯಿತು, ಉದ್ದಿಮೆ ನಿಂತಿತು.

ಯುದ್ಧಕಾಲದ ಬೇಡಿಕೆಯನ್ನು ನಂಬಿ ಬಂಡವಾಳ ಹೂಡಿದ ಎಷ್ಟೋ ಉದ್ಯಮಗಳ ಕಥೆ ಇದೇ. ಆದರೆ ಇಲ್ಲೊಂದು ವ್ಯತ್ಯಾಸವಿತ್ತು. ಖಾಲಿಯಾದ ಗಣಿಯು ಸಾಮಾನ್ಯವಾಗಿ ಬೆಲೆಯಿಲ್ಲದ ಹೊಂಡ. ಇಲ್ಲಿ ಆ ಹೊಂಡಕ್ಕೇ ಬೆಲೆ ಬಂದಿತು. 1816ರಿಂದಲೇ ಕುತೂಹಲಿಗಳನ್ನು ಒಳಗೆ ಕರೆದೊಯ್ದು ತೋರಿಸುವ ಕ್ರಮ ಆರಂಭವಾಯಿತು.

ಎರಡನೆಯ ಪುಟ: ದಾರಿ ಬಲ್ಲವನ ಬೆಲೆ

1838ರಲ್ಲಿ ಫ್ರ್ಯಾಂಕ್ಲಿನ್ ಗೋರಿನ್ ಎಂಬ ವಕೀಲನು ಗುಹೆಯನ್ನು ಕೊಂಡನು. ಮಾರ್ಗದರ್ಶನದ ಕೆಲಸಕ್ಕಾಗಿ ಅವನು ತಂದದ್ದು ಸುಮಾರು ಹದಿನೇಳು ವರ್ಷ ವಯಸ್ಸಿನ ಸ್ಟೀಫನ್ ಬಿಷಪ್ ಎಂಬ ಗುಲಾಮ ತರುಣನನ್ನು. ಇವನೊಡನೆ ಮ್ಯಾಟ್ ಮತ್ತು ನಿಕ್ ಬ್ರಾನ್ಸ್‌ಫರ್ಡ್ ಎಂಬಿಬ್ಬರು ಗುಲಾಮರನ್ನು ಬೇರೊಬ್ಬ ಒಡೆಯನಿಂದ ಬಾಡಿಗೆಗೆ ಪಡೆಯಲಾಯಿತು.

ಇಂದಿನ ಸಂದರ್ಶಕರು ‘ತಳವಿಲ್ಲದ ಹೊಂಡ’ವೆಂಬ ಕಮರಿಯನ್ನು ಸುಭದ್ರವಾದ ಸೇತುವೆಯ ಮೇಲಿನಿಂದ ದಾಟುತ್ತಾರೆ. ಹೆಸರು ಹಾಗಿದ್ದರೂ ಅದಕ್ಕೆ ಸುಮಾರು 105 ಅಡಿ ಆಳದಲ್ಲಿ ತಳವುಂಟು. 1838ರವರೆಗೆ ಗುಹೆಯ ಈ ಭಾಗದ ಸಂದರ್ಶನ ಇಲ್ಲಿಗೇ ಮುಗಿಯುತ್ತಿತ್ತು. ಮಿಣುಕುವ ದೀಪದ ಬೆಳಕಿನಲ್ಲಿ ಈ ಹೊಂಡವನ್ನು ಮೊದಲು ದಾಟಿದವನು ಬಿಷಪ್. ಆಚೆಗೆ ಅವನು ಕಂಡ ದಾರಿಗಳು, ನೆಲದಡಿಯ ನದಿಗಳು, ಆ ನದಿಗಳಲ್ಲಿನ ಕಣ್ಣಿಲ್ಲದ ಮೀನುಗಳು ಗುಹೆಯ ಕೀರ್ತಿಯನ್ನು ಸಾಗರದಾಚೆಗೂ ಒಯ್ದವು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಡೆಯನು ಒಂದು ಡಾಲರನ್ನೂ ಹೂಡದೆ ಅವನ ಮಳಿಗೆಯ ಸರಕು ಒಂದೇ ವರ್ಷದಲ್ಲಿ ಹಲವು ಪಟ್ಟು ಹೆಚ್ಚಿತು.

1839ರಲ್ಲಿ ಲೂಯಿವಿಲ್ ನಗರದ ವೈದ್ಯ ಜಾನ್ ಕ್ರೋಗನ್ ಈ ಗುಹೆಯನ್ನು 10,000 ಡಾಲರಿಗೆ ಖರೀದಿಸಿದನು. ಬಿಷಪ್ ಕೂಡ ಹೊಸ ಒಡೆಯನ ಸ್ವತ್ತಾದನು. 1842ರಲ್ಲಿ ಕ್ರೋಗನ್ ಅವನನ್ನು ತನ್ನ ಮನೆಗೆ ಕರೆಸಿಕೊಂಡು ಗುಹೆಯ ನಕ್ಷೆಯನ್ನು ಬರೆಸಿದನು. ನೆನಪಿನಿಂದಲೇ ಬರೆದ ಆ ನಕ್ಷೆಯು ಮುಂದೆ ಅಚ್ಚಾದಾಗ ಬಿಷಪ್‌ನ ಹೆಸರನ್ನು ಅದರಲ್ಲಿ ನಮೂದಿಸಲಾಯಿತು. ಗುಲಾಮನೊಬ್ಬನಿಗೆ ಅಂದಿನ ದಿನಗಳಲ್ಲಿ ಇಂಥ ಮನ್ನಣೆ ಅಪರೂಪ. ಆದರೆ ಮನ್ನಣೆಯೇ ಬೇರೆ, ಪಾಲೇ ಬೇರೆ. ಕ್ರೋಗನ್ 1849ರಲ್ಲಿ ತೀರಿಕೊಂಡನು. ಅವನ ಉಯಿಲಿನಂತೆ ಏಳು ವರ್ಷ ಕಳೆದ ಮೇಲೆ, 1856ರಲ್ಲಿ, ಬಿಷಪ್ ಸ್ವತಂತ್ರನಾದನು. ಮರುವರ್ಷವೇ ಮರಣ ಹೊಂದಿದನು.

ಲೆಕ್ಕಪತ್ರಗಳ ಅಭ್ಯಾಸವುಳ್ಳವರು ಇಲ್ಲಿ ತುಸು ನಿಲ್ಲಬೇಕು. ಗುಹೆಯ ಮೌಲ್ಯವನ್ನು ಎಲ್ಲರಿಗಿಂತ ಹೆಚ್ಚಾಗಿ ಬೆಳೆಸಿದವನು ಅಡಾವೆ ಪತ್ರಿಕೆಯಲ್ಲಿ ಪಾಲುದಾರನ ಕಡೆಗೆ ಬರಲಿಲ್ಲ. ಆಸ್ತಿಯ ಕಡೆಗೆ ಬಂದನು. ಲೆಕ್ಕ ಕೂಡಿತು, ನ್ಯಾಯ ಕೂಡಲಿಲ್ಲ. ಗಾಥಿಕ್ ಅವೆನ್ಯೂ ಎಂಬ ದಾರಿಯ ಮಾಳಿಗೆಯಲ್ಲಿ ಮೋಂಬತ್ತಿಯ ಹೊಗೆಯಿಂದ ಬರೆದ ನೂರಾರು ಹೆಸರುಗಳನ್ನು ಇಂದಿಗೂ ಕಾಣಬಹುದು. ಸಂದರ್ಶಕರ ಹೆಸರುಗಳನ್ನು ಹೀಗೆ ಬರೆದುಕೊಟ್ಟು ಮಾರ್ಗದರ್ಶಿಗಳು ಸ್ವಲ್ಪ ಇನಾಮು ಗಳಿಸುತ್ತಿದ್ದರು. ಅವರದೆಂದು ಹೇಳಬಹುದಾದ ಆದಾಯ ಅಷ್ಟೇ.

ಮೂರನೆಯ ಪುಟ: ಬಚ್ಚಿಟ್ಟ ನಕ್ಷೆ

ಕ್ರೋಗನ್ ತನ್ನ ಆಸ್ತಿಯನ್ನು ಸೋದರ ಸಂಬಂಧಿಗಳ ಹಿತಕ್ಕಾಗಿ ಟ್ರಸ್ಟಿಗೆ ಒಪ್ಪಿಸಿದ್ದನು. 1886ರಲ್ಲಿ ಗುಹೆಯವರೆಗೆ ಕಿರಿದಾದ ರೈಲುಮಾರ್ಗವೂ ಬಂದಿತು. ವ್ಯಾಪಾರ ನಿಶ್ಚಿಂತೆಯಿಂದ ನಡೆಯುತ್ತಿತ್ತು. 1908ರಲ್ಲಿ ಮ್ಯಾಕ್ಸ್ ಕ್ಯಾಂಪರ್ ಎಂಬ ಜರ್ಮನ್ ಎಂಜಿನಿಯರನು ಎಡ್ ಬಿಷಪ್ ಎಂಬ ಮಾರ್ಗದರ್ಶಿಯ ನೆರವಿನಿಂದ ಗುಹೆಯನ್ನು ಅಳೆದು, ಅತ್ಯಂತ ನಿಖರವಾದ ನಕ್ಷೆಯನ್ನು ಸಿದ್ಧಪಡಿಸಿದನು. ಮಾಲೀಕರು ಅದನ್ನು ಪ್ರಕಟಿಸಲಿಲ್ಲ, ಬಚ್ಚಿಟ್ಟರು. ಕಾರಣ ಸರಳ. ಗುಹೆಯ ಬಹುಭಾಗ ತಮ್ಮ ಜಮೀನಿನ ಗಡಿಯಾಚೆಗೆ, ನೆರೆಯವರ ಹೊಲಗಳ ಕೆಳಗೆ ಚಾಚಿಕೊಂಡಿದೆಯೆಂಬುದನ್ನು ಆ ನಕ್ಷೆ ಸಾರಿ ಹೇಳುತ್ತಿತ್ತು.

ಗುಟ್ಟು ಬಹುಕಾಲ ನಿಲ್ಲಲಿಲ್ಲ. 1921ರಲ್ಲಿ ಜಾರ್ಜ್ ಮಾರಿಸನ್ ಎಂಬ ಉದ್ಯಮಿಯು ಎಸ್ಟೇಟಿನ ಗಡಿಯಾಚೆ ಬಂಡೆ ಸಿಡಿಸಿ, ಅದೇ ಮ್ಯಾಮತ್ ಗುಹೆಗೆ ‘ಹೊಸ ಪ್ರವೇಶದ್ವಾರ’ವನ್ನು ತೆರೆದನು. ಹಳೆಯ ಮಾಲೀಕರ ಹೆಬ್ಬಾಗಿಲಿಗೆ ಬರುವ ಮೊದಲೇ ಸಿಗುವ ಬಾಗಿಲು ಅದು. ಒಂದೇ ಮಳಿಗೆಗೆ ಎರಡು ಬಾಗಿಲು, ಇಬ್ಬರು ಮಾಲೀಕರು, ಎರಡು ಗಲ್ಲಾಪೆಟ್ಟಿಗೆ!

ನಾಲ್ಕನೆಯ ಪುಟ: ರಸ್ತೆಯ ಮೇಲಿನ ಪೈಪೋಟಿ

ಇಷ್ಟರಲ್ಲಿ ಮೋಟಾರು ಕಾರು ಬಂದಿತ್ತು. ಕಲ್ಲುನೆಲದ ಬಡ ರೈತರಿಗೆ ತಮ್ಮ ಹೊಲದಲ್ಲೂ ಒಂದು ಗುಹೆಯ ಬಾಯಿ ಸಿಕ್ಕೀತೆಂಬ ಆಸೆ ಹುಟ್ಟಿತು. ಒಂದರ ಹಿಂದೊಂದು ಗುಹೆಗಳು ತೆರೆದುಕೊಂಡವು. 1920ರ ದಶಕದ ಈ ಪೈಪೋಟಿಯನ್ನು ಇತಿಹಾಸಕಾರರು ‘ಕೆಂಟಕಿಯ ಗುಹಾ ಯುದ್ಧಗಳು’ ಎಂದೇ ಕರೆದಿದ್ದಾರೆ. ಅಧಿಕೃತ ನೌಕರರಂತೆ ತೋರುವ ಟೋಪಿ ಧರಿಸಿದ ದಲ್ಲಾಳಿಗಳು ಓಡುವ ಕಾರಿನ ಪಾವಟಿಗೆಯ ಮೇಲೆ ಹಾರಿ ನಿಂತು, ಮ್ಯಾಮತ್ ಗುಹೆಗೆ ನೀರು ನುಗ್ಗಿದೆ, ಮುಚ್ಚಿದೆ ಎಂದು ಸುಳ್ಳು ಹೇಳಿ ಪ್ರವಾಸಿಗರನ್ನು ತಮ್ಮ ಗುಹೆಯ ಕಡೆಗೆ ತಿರುಗಿಸುತ್ತಿದ್ದರು.

ಈ ಪೈಪೋಟಿಯ ಅತ್ಯಂತ ದಾರುಣ ಅಧ್ಯಾಯ ಫ್ಲಾಯ್ಡ್ ಕಾಲಿನ್ಸ್‌ನದು. 1917ರಲ್ಲಿ ಅವನು ಕುಟುಂಬದ ಜಮೀನಿನಲ್ಲಿ ‘ಕ್ರಿಸ್ಟಲ್ ಗುಹೆ’ಯನ್ನು ಕಂಡುಹಿಡಿದನು. ಗುಹೆ ಸುಂದರವಾಗಿತ್ತು, ಆದರೆ ರಸ್ತೆಯ ಕೊನೆಯಲ್ಲಿತ್ತು. ಅಲ್ಲಿಗೆ ತಲಪುವಷ್ಟರಲ್ಲಿ ಪ್ರವಾಸಿಗರ ಹಣವೂ ಸಮಯವೂ ಹಿಂದಿನ ಗುಹೆಗಳಲ್ಲೇ ವ್ಯಯವಾಗಿರುತ್ತಿದ್ದವು. ಅಂಗಡಿಯ ಸರಕಿಗಿಂತ ಅಂಗಡಿಯ ಜಾಗ ಮುಖ್ಯವೆಂಬ ಸತ್ಯವನ್ನು ಕಾಲಿನ್ಸ್ ಹೀಗೆ ಅರಿತನು. ಹೆದ್ದಾರಿಗೆ ಸಮೀಪದ ಬೇರೊಬ್ಬರ ಜಮೀನಿನಲ್ಲಿ, ಒಡೆಯರೊಡನೆ ಲಾಭಾಂಶದ ಒಪ್ಪಂದ ಮಾಡಿಕೊಂಡು, ‘ಸ್ಯಾಂಡ್ ಗುಹೆ’ ಎಂಬಲ್ಲಿ ಹುಡುಕಾಟ ಆರಂಭಿಸಿದನು. 1925ರ ಜನವರಿ 30ರಂದು ಇಕ್ಕಟ್ಟಾದ ಸಂದಿಯಲ್ಲಿ ಹನ್ನೆರಡು ಕಿಲೋ ತೂಕದ ಕಲ್ಲೊಂದು ಜಾರಿ ಅವನ ಕಾಲನ್ನು ಹಿಡಿದಿಟ್ಟಿತು.

ಮುಂದಿನ ಎರಡು ವಾರಗಳ ಕಾಲ ಇಡೀ ಅಮೆರಿಕ ಆ ಸಂದಿಯ ಕಡೆಗೆ ಕಿವಿಗೊಟ್ಟಿತ್ತು. ಲೂಯಿವಿಲ್‌ನ ಪತ್ರಿಕೆಯೊಂದರ ಯುವ ವರದಿಗಾರ ವಿಲಿಯಂ ಮಿಲ್ಲರ್ ತಾನೇ ಸಂದಿಯೊಳಗೆ ತೆವಳಿ, ಕಾಲಿನ್ಸ್‌ಗೆ ಆಹಾರ ಕೊಟ್ಟು, ಅವನೊಡನೆ ಮಾತನಾಡಿ ಬರೆದ ವರದಿಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂದಿತು. ಮೇಲೆ ಸಾವಿರಾರು ಜನರ ಜಾತ್ರೆ ನೆರೆದಿತ್ತು. ತಿಂಡಿ, ಬಲೂನು ಮಾರುವವರೂ ಬಂದಿದ್ದರು. ರಕ್ಷಣೆಗಾಗಿ ತೋಡಿದ ಬಾವಿಯು ಫೆಬ್ರವರಿ 16ರಂದು ಅವನನ್ನು ಮುಟ್ಟಿದಾಗ ಅವನ ಉಸಿರು ನಿಂತಿತ್ತು. ಇಷ್ಟಕ್ಕೇ ಮುಗಿಯಲಿಲ್ಲ. 1927ರಲ್ಲಿ ಕ್ರಿಸ್ಟಲ್ ಗುಹೆಯನ್ನು ಕೊಂಡ ಹೊಸ ಮಾಲೀಕನು ಕಾಲಿನ್ಸ್‌ನ ಶವವನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಗುಹೆಯೊಳಗೆ ಪ್ರದರ್ಶನಕ್ಕಿರಿಸಿದನು. ಬದುಕಿದ್ದಾಗ ಗಿರಾಕಿಗಳನ್ನು ಸೆಳೆಯಲಾರದವನು ಸತ್ತ ಮೇಲೆ ಸೆಳೆದನು. ಆ ದೇಹಕ್ಕೆ ಚರ್ಚಿನ ಸ್ಮಶಾನದಲ್ಲಿ ಮಣ್ಣು ದೊರೆತದ್ದು 1989ರಲ್ಲಿ.

ಐದನೆಯ ಪುಟ: ನ್ಯಾಯಾಲಯದ ಲೆಕ್ಕ

ಇದೇ ಸೀಮೆಯಲ್ಲಿ ಎಲ್.ಪಿ. ಎಡ್ವರ್ಡ್ಸ್ ಎಂಬ ಜಮೀನುದಾರನು ‘ಗ್ರೇಟ್ ಆನಿಕ್ಸ್ ಗುಹೆ’ಯನ್ನು ನಡೆಸುತ್ತಿದ್ದನು. ಬಾಗಿಲು ಅವನ ಜಮೀನಿನಲ್ಲಿತ್ತು. ದಾರಿ ಮಾಡಿಸಿದವನು, ಹೋಟೆಲು ಕಟ್ಟಿಸಿದವನು, ಜಾಹೀರಾತು ನೀಡಿದವನು ಅವನೇ. ಆದರೆ ಪ್ರವಾಸಿಗರು ನಡೆಯುತ್ತಿದ್ದ ದಾರಿಯ ಒಂದು ಭಾಗ ಎಫ್.ಪಿ. ಲೀ ಎಂಬ ನೆರೆಯವನ ಹೊಲದ ಅಡಿಯಲ್ಲಿ, ನೂರಾರು ಅಡಿ ಆಳದಲ್ಲಿ ಇತ್ತು. 1928ರಲ್ಲಿ ಲೀ ದಾವೆ ಹೂಡಿ, ಲಾಭದ ಲೆಕ್ಕ ಕೇಳಿದನು.

ಮೊದಲ ಜಗಳ ಅಳತೆಯದೇ. ಗುಹೆಯೊಳಗೆ ಸರ್ವೆ ನಡೆಸಲು ಎಡ್ವರ್ಡ್ಸ್ ಒಪ್ಪಲಿಲ್ಲ; ಸರ್ವೆಯ ಆದೇಶವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಿದನು. 1929ರಲ್ಲಿ ಕೆಂಟಕಿಯ ಉಚ್ಚ ಪೀಠವು ಸರ್ವೆ ನಡೆಯಲೇಬೇಕೆಂದು ತೀರ್ಪಿತ್ತಿತು. ಭೂಮಿಯ ಒಡೆತನ ಮೇಲ್ಮೈಯಲ್ಲೇ ನಿಲ್ಲದೆ ಕೆಳಗಿನವರೆಗೂ ಸಲ್ಲುತ್ತದೆಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಲೋಗನ್ ಭಿನ್ನಮತ ದಾಖಲಿಸಿದರು. ಯಾವನು ತನ್ನ ಬಾಗಿಲ ಮೂಲಕ ಕತ್ತಲೆಯ ಆ ಜಗತ್ತನ್ನು ಶೋಧಿಸಿ, ಶ್ರಮ ಹಾಕಿ, ಉಪಯುಕ್ತವಾಗಿಸಿದನೋ ಅವನಿಗೇ ಗುಹೆ ಸೇರಬೇಕು. ತಾನು ಎಂದೂ ಪ್ರವೇಶಿಸಲಾರದ ಸ್ಥಳಕ್ಕೆ ಮೇಲಿನ ಹೊಲದವನು ಒಡೆಯನಾಗುವುದು ಹೇಗೆ ಎಂಬುದು ಅವರ ವಾದದ ಸಾರ. ಉದ್ಯಮಶೀಲರಾದ ಓದುಗರಲ್ಲಿ ಹಲವರಿಗೆ ಈ ಭಿನ್ನಮತವೇ ರುಚಿಸೀತು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಸರ್ವೆ ನಡೆಯಿತು. ಪ್ರದರ್ಶನದ ದಾರಿಯ ಸುಮಾರು ಮೂರನೇ ಒಂದು ಭಾಗ ಲೀಯ ಜಮೀನಿನ ಕೆಳಗಿತ್ತು. ಆಗ ಲೆಕ್ಕಿಗರಿಗೆ ಅತ್ಯಂತ ಸ್ವಾರಸ್ಯಕರವಾದ ಪ್ರಶ್ನೆ ಎದ್ದಿತು: ಪರಿಹಾರದ ಅಳತೆಗೋಲು ಯಾವುದು? ಲೀಯ ಹೊಲಕ್ಕೆ ಯಾವ ಹಾನಿಯೂ ಆಗಿರಲಿಲ್ಲ. ಒಂದು ತೆನೆಯೂ ಕಡಿಮೆ ಬೆಳೆದಿರಲಿಲ್ಲ. ಬಾಗಿಲೇ ಇಲ್ಲದ್ದರಿಂದ ಗುಹೆಯನ್ನು ಬಳಸಿ ತಾನೇ ಗಳಿಸುವ ಅವಕಾಶವೂ ಅವನಿಗಿರಲಿಲ್ಲ. ನಷ್ಟವನ್ನು ಅಳೆಯುವುದಾದರೆ ಉತ್ತರ ಸೊನ್ನೆ. 1936ರ ತೀರ್ಪು ಬೇರೆ ಹಾದಿ ಹಿಡಿಯಿತು. ನೋಡಬೇಕಾದದ್ದು ನೆರೆಯವನು ಕಳೆದುಕೊಂಡದ್ದನ್ನಲ್ಲ, ನೆರೆಯವನ ಸ್ವತ್ತನ್ನು ಅನುಮತಿಯಿಲ್ಲದೆ ಬಳಸಿ ಗಳಿಸಿದ್ದನ್ನು. ತಪ್ಪಿನ ಫಲ ತಪ್ಪೆಸಗಿದವನ ಬಳಿ ಉಳಿಯಬಾರದು ಎಂದು ನ್ಯಾಯಾಲಯ ಹೇಳಿತು. 1923ರಿಂದ 1930ರವರೆಗಿನ ಎಂಟು ವರ್ಷಗಳ ನಿವ್ವಳ ಲಾಭದ ಮೂರನೇ ಒಂದು ಪಾಲನ್ನು ಬಡ್ಡಿಸಹಿತ ಕೊಡಬೇಕೆಂದು ಆದೇಶವಾಯಿತು. ಅಷ್ಟರಲ್ಲಿ ಲೀ ತೀರಿಕೊಂಡಿದ್ದನು. ಹಣ ಅವನ ಉತ್ತರಾಧಿಕಾರಿಗಳಿಗೆ ಸಂದಿತು. ಅನ್ಯಾಯದ ಲಾಭವನ್ನು ಮರಳಿಸುವ ವಿಷಯದಲ್ಲಿ ಈ ಮೊಕದ್ದಮೆಯನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇದರಲ್ಲಿ ಕಟುವಾದ ವ್ಯಾವಹಾರಿಕ ಸತ್ಯವೊಂದು ಅಡಗಿದೆ. ಬಾಗಿಲಿಲ್ಲದ ಲೀಗೆ ಚೌಕಾಸಿಯ ಬಲ ಬಹಳ ಕಡಿಮೆಯಿತ್ತು. ಎಡ್ವರ್ಡ್ಸ್ ಆರಂಭದಲ್ಲೇ ಅಳತೆ ಮಾಡಿಸಿ, ನೆರೆಯವನೊಡನೆ ಕುಳಿತು ಕರಾರು ಬರೆದುಕೊಂಡಿದ್ದರೆ, ಬಹುಶಃ ಅಲ್ಪ ವಾರ್ಷಿಕ ಬಾಡಿಗೆಯಲ್ಲೇ ವಿಷಯ ಮುಗಿಯುತ್ತಿತ್ತು. ಅಳತೆಗೆ ಅಂಜಿ ಮುಂದೂಡಿದ್ದರಿಂದ ಬಾಡಿಗೆಯಾಗಬಹುದಾಗಿದ್ದುದು ಲಾಭದ ಪಾಲಾಯಿತು. ಅದರ ಮೇಲೆ ಬಡ್ಡಿಯೂ, ಎಂಟು ವರ್ಷಗಳ ವ್ಯಾಜ್ಯದ ವೆಚ್ಚವೂ ಸೇರಿದವು. ಅದೇ ಸೀಮೆಯಲ್ಲಿ ಬಡವನಾದ ಫ್ಲಾಯ್ಡ್ ಕಾಲಿನ್ಸ್ ಭೂಮಿಯೊಳಕ್ಕೆ ಇಳಿಯುವ ಮುನ್ನವೇ ಒಡೆಯರೊಡನೆ ಪಾಲಿನ ಮಾತು ಮುಗಿಸಿಕೊಂಡಿದ್ದನೆಂಬುದು ಗಮನಾರ್ಹ.

ಹೊರಬರುವ ದಾರಿ

ಐತಿಹಾಸಿಕ ಮಾರ್ಗದ ಉತ್ತರಾರ್ಧದಲ್ಲಿ ‘ದಪ್ಪ ಮನುಷ್ಯನ ಸಂಕಟ’ ಎಂಬ ಸಂದಿಯಿದೆ. ಶತಮಾನಗಳ ಕಾಲ ಹಾದುಹೋದವರ ಕೈ ಮೈ ತಗುಲಿ ಅದರ ಕಲ್ಲು ಹೊಳಪೇರಿದೆ. ಅಲ್ಲಿಂದ ಮುಂದೆ ಮ್ಯಾಮತ್ ಡೋಮ್ ಎಂಬ ಎತ್ತರದ ಕೂಪದೊಳಗಿನ ಮೆಟ್ಟಿಲುಗಳನ್ನು ಹತ್ತಿದರೆ ದಾರಿ ಮತ್ತೆ ಬಾಗಿಲ ಕಡೆಗೆ ತಿರುಗುತ್ತದೆ.

ರಾಷ್ಟ್ರೀಯ ಉದ್ಯಾನಕ್ಕೆ ಅಮೆರಿಕದ ಕಾಂಗ್ರೆಸ್ 1926ರಲ್ಲಿ ಅನುಮತಿ ನೀಡಿತು; ಉದ್ಯಾನವು 1941ರ ಜುಲೈ 1ರಂದು ಅಸ್ತಿತ್ವಕ್ಕೆ ಬಂದಿತು. ಗ್ರೇಟ್ ಆನಿಕ್ಸ್ ಮತ್ತು ಕ್ರಿಸ್ಟಲ್ ಗುಹೆಗಳು 1961ರಲ್ಲಿ ಅದಕ್ಕೆ ಸೇರಿದವು. ಪೈಪೋಟಿ ಕೊನೆಗೊಂಡಿತು. ಆದರೆ ಸಾರ್ವಜನಿಕ ಒಡೆತನವೂ ವೆಚ್ಚವಿಲ್ಲದೆ ಬರಲಿಲ್ಲ. ನೂರಾರು ಕುಟುಂಬಗಳು ಮನೆ, ಹೊಲಗಳನ್ನು ಬಿಟ್ಟುಕೊಡಬೇಕಾಯಿತು. ತಲೆಮಾರುಗಳಿಂದ ದಾರಿ ತೋರಿಸುತ್ತಿದ್ದ ಬ್ರಾನ್ಸ್‌ಫರ್ಡ್ ಮನೆತನದವರಿಗೆ ಹೊಸ ಆಡಳಿತದಲ್ಲಿ ಕೆಲಸ ಸಿಗಲಿಲ್ಲ. ಮ್ಯಾಟ್ ಬ್ರಾನ್ಸ್‌ಫರ್ಡ್‌ನ ವಂಶಸ್ಥರೊಬ್ಬರು ಮತ್ತೆ ಮಾರ್ಗದರ್ಶಿಯಾಗಿ ಗುಹೆಯನ್ನು ಪ್ರವೇಶಿಸಿದ್ದು 2004ರಲ್ಲಿ. ಬಾಕಿಯಲ್ಲಿ ಒಂದು ಕಂತು ಸಂದಾಯವಾಯಿತೆನ್ನಬಹುದು. ಪೂರ್ತಿ ಬಾಕಿಯನ್ನು ಯಾರೂ ಲೆಕ್ಕ ಹಾಕಿಲ್ಲ.

ಕಡೆಯದಾಗಿ ಒಂದು ಸಂಗತಿ. 1972ರ ಸೆಪ್ಟೆಂಬರಿನಲ್ಲಿ ಶೋಧಕರ ತಂಡವೊಂದು ಕ್ರಿಸ್ಟಲ್ ಗುಹೆಯನ್ನೊಳಗೊಂಡ ಫ್ಲಿಂಟ್ ರಿಡ್ಜ್ ಗುಹಾಜಾಲದಿಂದ ತೆವಳುತ್ತಾ, ನೀರಿನಲ್ಲಿ ಮುಳುಗೇಳುತ್ತಾ ಹೊರಟು ಮ್ಯಾಮತ್ ಗುಹೆಯ ದಾರಿಯೊಂದನ್ನು ತಲಪಿತು. ಅರ್ಧ ಶತಮಾನದ ಹಿಂದೆ ರಸ್ತೆಯಲ್ಲಿ ನಿಂತು ಒಬ್ಬರ ಗುಹೆಯನ್ನು ಇನ್ನೊಬ್ಬರು ಹಳಿಯುತ್ತಿದ್ದ ಆ ಎರಡೂ ಗುಹೆಗಳು ಒಂದೇ ಆಗಿದ್ದವು. ಫ್ಲಾಯ್ಡ್ ಕಾಲಿನ್ಸ್‌ನ ಮನೆಯ ಹಿತ್ತಿಲಿನಲ್ಲಿದ್ದದ್ದು ಅವನ ಪ್ರತಿಸ್ಪರ್ಧಿಗಳು ಟಿಕೆಟು ಮಾರುತ್ತಿದ್ದ ಗುಹೆಯ ಇನ್ನೊಂದು ಬಾಗಿಲಷ್ಟೆ.

ಬಾಗಿಲು ತನ್ನದೆಂಬ ಕಾರಣಕ್ಕೆ ಒಳಗಿನದೆಲ್ಲವೂ ತನ್ನದೇ ಎಂದು ಭಾವಿಸುವುದು ವ್ಯಾಪಾರದಲ್ಲಿ ಸಹಜ. ಮಳಿಗೆಯ ಗುಡ್‌ವಿಲ್ ಬೆಳೆಸಿದ ಹಳೆಯ ನೌಕರ, ದಾರಿ ಬಿಟ್ಟುಕೊಟ್ಟ ನೆರೆಯವನು, ಗಿರಾಕಿಗಳನ್ನು ಪೇಟೆಗೆ ಸೆಳೆದು ತರುವ ಅಕ್ಕಪಕ್ಕದ ಅಂಗಡಿಗಳು, ಇವರಾರೂ ಲಾಭ ನಷ್ಟದ ಖಾತೆಯಲ್ಲಿ ಹೆಸರು ಹಿಡಿದು ಕಾಣಿಸಿಕೊಳ್ಳುವುದಿಲ್ಲ. ಖಾತೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಅವರ ಪಾಲು ಇಲ್ಲವೆಂದಾಗದು. ಅದನ್ನು ತಾವಾಗಿಯೇ ಅಳೆದು, ಬರೆದು, ಸಕಾಲದಲ್ಲಿ ಸಲ್ಲಿಸುವವರಿಗೆ ಅದು ಸಾಧಾರಣ ವೆಚ್ಚ. ಇತರರು ಅಳೆದು ತೋರಿಸುವವರೆಗೆ ಕಾಯುವವರಿಗೆ ಬಡ್ಡಿಸಹಿತವಾದ ಸಾಲ.